ಗಾಜಿನ ಸುತ್ತ ಒಂದು ಬೆಳ್ಳಿ ಗೆರೆ: ಗೋವಾದ ಹಳೆಯ ಕಾರೊಂದು ಹೇಳಿದ ಇತಿಹಾಸ



ಇತಿಹಾಸ ಎಂದಕೂಡಲೇ ನಮಗೆ ನೆನಪಾಗುವುದು ರಾಜರು, ಯುದ್ಧಗಳು ಮತ್ತು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಇಸವಿಗಳು. ಗೋವಾದಲ್ಲಿ ಬೆಳೆದ ನಮಗಾದರೆ ಹಳೇ ಗೋವಾದ ಚರ್ಚುಗಳು ಮತ್ತು ಕೋಟೆಗಳು. ಈ ಸಲ ನಾನು ಬರೆಯಹೊರಟಿರುವುದು ಅವುಗಳ ಬಗ್ಗೆ ಅಲ್ಲ. ಒಂದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಕೆಳಗೆ ಅಂಗಾತ ಮಲಗಿ, ಮುಖಕ್ಕೆಲ್ಲ ಎಣ್ಣೆ ಬಳಿದುಕೊಂಡು ನಾನು ಕಲಿತ ಇತಿಹಾಸದ ಬಗ್ಗೆ.

ವಾಸ್ಕೋ ಕಡೆಯ ಒಂದು ಪುಟ್ಟ ಗ್ಯಾರೇಜು. ಅಲ್ಲಿಯ ಮೇಸ್ತ್ರಿ ಗದಗ ಕಡೆಯವರು. ಹದಿನಾಲ್ಕನೇ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಗೋವಾಕ್ಕೆ ಬಂದು, ಸ್ಪ್ಯಾನರ್ ತೊಳೆಯುವುದರಿಂದ ಶುರುಮಾಡಿದವರು. ಈಗ ಕಣ್ಣು ಮಂಜಾಗಿದೆ, ಬಲಗೈ ಸ್ವಲ್ಪ ನಡುಗುತ್ತದೆ. ಮಕ್ಕಳಿಬ್ಬರೂ ಬೇರೆ ಉದ್ಯೋಗ ಹಿಡಿದಿದ್ದಾರೆ. ಹಿಂದಿನ ಕ್ರಿಸ್ಮಸ್‌ಗೆ ಎರಡು ತಿಂಗಳು ಮೊದಲು ಅವರು ನನ್ನನ್ನು ಕರೆದು, “ತಮ್ಮಾ, ಒಂದು ಹಳೇ ಗಾಡಿ ಬಂದೈತಿ. ಬುದ್ಧಿ ನಂದು, ಕೈ ನಿಂದು. ಶನಿವಾರ ಬರ್ತೀಯೇನು?” ಎಂದರು. ಕಾರು ಒಂದು ಗೋವನ್ ಕುಟುಂಬದ್ದು. ಅಜ್ಜ ಕೊಂಡ ಕಾರಿನಲ್ಲೇ ಮೊಮ್ಮಗಳು ಮದುವೆಗೆ ಚರ್ಚಿಗೆ ಬರಬೇಕು ಎಂಬುದು ಮನೆಯವರ ಆಸೆ. ಮದುವೆ ಜನವರಿಯಲ್ಲಿ.

ಮೊದಲ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ: ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿ ತಯಾರಾದ ಕಾರು ನಮ್ಮ ಗೋವಾಕ್ಕೆ ಹೇಗೆ ಬಂತು?

ಉತ್ತರಕ್ಕೆ 1950ರ ದಶಕಕ್ಕೆ ಹೋಗಬೇಕು. ಆಗ ಭಾರತದಲ್ಲಿ ಕಾರು ಕೊಳ್ಳುವುದು ಸುಲಭವಿರಲಿಲ್ಲ. 1953ರಲ್ಲಿ ಸುಂಕ ಆಯೋಗವು, ದೇಶದಲ್ಲೇ ಕಾರು ತಯಾರಿಸುವ ಯೋಜನೆ ಇರುವ ಕಂಪನಿಗಳಿಗೆ ಮಾತ್ರ ಅವಕಾಶ ಇರಲಿ ಎಂದು ಶಿಫಾರಸು ಮಾಡಿತು. ಹೊರಗಿನಿಂದ ಭಾಗಗಳನ್ನು ತಂದು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ ಮತ್ತು ಫೋರ್ಡ್ ಇಲ್ಲಿಂದ ಹೊರನಡೆದವು. ಉಳಿದದ್ದು ಹಿಂದೂಸ್ತಾನ್, ಪ್ರೀಮಿಯರ್, ಸ್ಟ್ಯಾಂಡರ್ಡ್‌ನಂಥ ಕೆಲವೇ ಹೆಸರುಗಳು. ಕಾರಿಗಾಗಿ ವರ್ಷಗಟ್ಟಲೆ ಕಾಯುವುದು ಮಾಮೂಲಾಯಿತು.

ಗಡಿಯ ಈಚೆ ಗೋವಾದಲ್ಲಿ ಕಥೆಯೇ ಬೇರೆ. ಇಲ್ಲಿ ಇನ್ನೂ ಪೋರ್ಚುಗೀಸರ ಆಡಳಿತವಿತ್ತು. 1955ರ ಆಗಸ್ಟ್ 15ರಂದು ಗಡಿ ದಾಟಿ ಬಂದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಲಾಯಿತು. ಹಲವರು ಪ್ರಾಣ ಕಳೆದುಕೊಂಡರು. ಇದರ ನಂತರ ಭಾರತವು ಗೋವಾದ ಮೇಲಿನ ಆರ್ಥಿಕ ದಿಗ್ಬಂಧನವನ್ನು ಬಿಗಿಗೊಳಿಸಿತು. ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್ ಮೂಲಕ ಮುರ್ಮುಗೋವಾಕ್ಕೆ ಬರುತ್ತಿದ್ದ ರೈಲು ನಿಂತುಹೋಯಿತು. ಗೋವಾ ಸಮುದ್ರದ ಕಡೆಗೆ ಮುಖ ಮಾಡಿತು. ಅದೇ ವರ್ಷ ದಾಬೋಳಿ ವಿಮಾನ ನಿಲ್ದಾಣ ಶುರುವಾಯಿತು. ಮುರ್ಮುಗೋವಾ ಬಂದರಿನಿಂದ ಕಬ್ಬಿಣದ ಅದಿರು ಜಪಾನಿಗೆ ಹೋಗುತ್ತಿತ್ತು. ಅದಿರಿನ ಹಣ ಬಂತು, ಹಡಗಿನಲ್ಲಿ ವಿದೇಶಿ ಸಾಮಾನೂ ಬಂತು. ಆ ಸಾಮಾನುಗಳ ಜೊತೆ ಕಾರುಗಳೂ ಇಳಿದವು.

ಇಲ್ಲಿ ಒಂದು ಸಣ್ಣ ಸ್ವಾರಸ್ಯ. ಪೋರ್ಚುಗಲ್ ದೇಶ 1928ರಲ್ಲೇ ರಸ್ತೆಯ ಬಲಬದಿಯ ಸಂಚಾರಕ್ಕೆ ಬದಲಾಗಿತ್ತು. ಆದರೆ ಗೋವಾ ಸುತ್ತಲಿನ ಬ್ರಿಟಿಷ್ ಇಂಡಿಯಾದಂತೆ ಎಡಬದಿಯಲ್ಲೇ ಉಳಿಯಿತು. ನಮ್ಮ ಬೀಟಲ್‌ನ ಸ್ಟಿಯರಿಂಗ್ ಬಲಕ್ಕಿರುವುದು ಅದಕ್ಕೇ. ಲಿಸ್ಬನ್‌ನಿಂದ ಆಳಿಸಿಕೊಂಡ ಊರು, ರಸ್ತೆಯ ವಿಷಯದಲ್ಲಿ ಮಾತ್ರ ನೆರೆಹೊರೆಯವರ ಮಾತು ಕೇಳಿತ್ತು!

ಬೀಟಲ್‌ನ ವಯಸ್ಸು ಹೇಳಲು ಕಾಗದಪತ್ರ ಬೇಕಿಲ್ಲ, ಅದರ ಗಾಜು ನೋಡಿದರೆ ಸಾಕು. ಹಿಂದಿನ ಕಿಟಕಿ ಎರಡು ಹೋಳಾಗಿದ್ದರೆ 1953ರ ಮಾರ್ಚ್‌ಗಿಂತ ಹಳೆಯದು. ಮೊಟ್ಟೆಯಾಕಾರದ ಒಂದೇ ಗಾಜಾದರೆ 1957ರ ಮಧ್ಯದವರೆಗಿನದು. ಆಮೇಲೆ ಹಿಂದಿನ ಕಿಟಕಿಯೂ ಮುಂದಿನ ಗಾಜೂ ದೊಡ್ಡದಾದವು. ಮುಂದಿನ ಗಾಜಿಗೆ ಬಾಗು ಬಂದದ್ದು 1964ರ ಆಗಸ್ಟ್ ನಂತರ. ನಮ್ಮ ಕಾರಿನದು ಚಪ್ಪಟೆ ಗಾಜು. ಗೇರ್‌ಬಾಕ್ಸ್ ನೋಡಿದರೆ ಮೊದಲನೇ ಗೇರಿಗೂ ಸಿಂಕ್ರೊಮೆಶ್ ಇರುವಂಥದ್ದು, ಅದು ಬಂದದ್ದು 1960ರ ಆಗಸ್ಟ್‌ನಲ್ಲಿ. ಕುಟುಂಬದವರ ಪ್ರಕಾರ ಕಾರು ಕೊಂಡದ್ದು “ವಿಮೋಚನೆಗೆ ಮೊದಲು”. ಅಂದರೆ 1961ರ ಡಿಸೆಂಬರ್ 19ಕ್ಕೆ ಮುಂಚೆ. ಎರಡನ್ನೂ ಜೋಡಿಸಿದರೆ ಉಳಿಯುವ ಅವಧಿ ಒಂದೂಕಾಲು ವರ್ಷದಷ್ಟೇ. ಪೋರ್ಚುಗೀಸ್ ಗೋವಾದ ಕೊನೆಯ ದಿನಗಳಲ್ಲಿ ಹಡಗಿನಿಂದ ಇಳಿದ ಕಾರು ಇದು.

ಆಮೇಲೆ ಶುರುವಾದದ್ದು ನಿಜವಾದ ಪರೀಕ್ಷೆ. ಗೋವಾ ಭಾರತಕ್ಕೆ ಸೇರಿತು, ಭಾರತದ ಆಮದು ನಿಯಮಗಳು ಇಲ್ಲಿಗೂ ಬಂದವು. ಫಿಯೆಟ್ 1100 ಇದ್ದವರು ಬಚಾವಾದರು, ಏಕೆಂದರೆ ಅದೇ ಕಾರನ್ನು ಪ್ರೀಮಿಯರ್ ಕಂಪನಿ ಮುಂಬೈಯಲ್ಲಿ ತಯಾರಿಸುತ್ತಿತ್ತು. ಆದರೆ ಬೀಟಲ್ ಭಾರತದಲ್ಲಿ ತಯಾರಾಗುತ್ತಿರಲಿಲ್ಲ. ಒಂದು ರಬ್ಬರ್ ಹರಿದರೂ ಹೊಸದು ಸಿಗುವುದು ಕಷ್ಟ. 1991ರ ಉದಾರೀಕರಣದವರೆಗೆ ಸುಮಾರು ಮೂವತ್ತು ವರ್ಷ ಈ ಕಾರುಗಳನ್ನು ಓಡಿಸಿದ್ದು ಬಿಡಿಭಾಗಗಳಲ್ಲ, ಮೇಸ್ತ್ರಿಗಳ ಕೈಗಳು. ಅದರ ಮೇಲೆ ಗೋವಾದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ. ಜುವಾರಿ ಸೇತುವೆ 1983ರಲ್ಲಿ ಆಗುವವರೆಗೆ ವಾಸ್ಕೋದಿಂದ ಪಣಜಿಗೆ ನೇರವಾಗಿ ಹೋಗಬೇಕಾದರೆ ಕಾರನ್ನು ಫೆರಿ ದೋಣಿಗೆ ಹತ್ತಿಸಬೇಕಿತ್ತು.

“ನಾ ಬಂದಾಗ ಗಾಜಿನ ಪಟ್ಟಿ ಬಂಗಾರಕ್ಕಿಂತ ಹೆಚ್ಚು. ಬಿಚ್ಚಿದ್ರ ಪೇಪರ್‌ನಾಗ ಸುತ್ತಿ ಕಪಾಟಿನಾಗ ಇಡ್ತಿದ್ವಿ” ಎಂದರು ಮೇಸ್ತ್ರಿ.

ಆ ಪಟ್ಟಿಯ ಕೆಲಸವೇ ನನ್ನ ಮೊದಲ ಪಾಠವಾಯಿತು. ಬೀಟಲ್‌ನ ಮುಂದಿನ ಗಾಜಿನ ಸುತ್ತ ಕಪ್ಪು ರಬ್ಬರ್, ಆ ರಬ್ಬರಿನ ಗಾಡಿಯಲ್ಲಿ ಕೂತ ಹೊಳೆಯುವ ಅಲ್ಯೂಮಿನಿಯಂ ಗೆರೆ. ಎರಡು ತುಂಡು ಪಟ್ಟಿ, ಅವು ಕೂಡುವಲ್ಲಿ ಪುಟ್ಟ ಕ್ಲಿಪ್. ನಾನು ತಿಳಿದದ್ದು, ಮೊದಲು ಗಾಜು ಕೂರಿಸಿ ಕೊನೆಗೆ ಅಲಂಕಾರಕ್ಕೆ ಪಟ್ಟಿ ಒತ್ತುತ್ತಾರೆ ಎಂದು. ಕ್ರಮ ಅದಕ್ಕೆ ತದ್ವಿರುದ್ಧ. ಮೊದಲು ರಬ್ಬರನ್ನು ಗಾಜಿಗೆ ಹಾಕಬೇಕು. ಗಾಜು ಇನ್ನೂ ಮೇಜಿನ ಮೇಲಿರುವಾಗಲೇ ಪಟ್ಟಿಯನ್ನು ರಬ್ಬರಿಗೆ ಕೂರಿಸಬೇಕು. ಆಮೇಲೆ ರಬ್ಬರಿನ ಒಳಗಾಡಿಯಲ್ಲಿ ಸುತ್ತಲೂ ಒಂದು ಗಟ್ಟಿ ದಾರ ಇಟ್ಟು, ಅದರ ಎರಡೂ ತುದಿಗಳನ್ನು ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಹಾಯಿಸಿ ಕಾರಿನ ಒಳಕ್ಕೆ ಬಿಡಬೇಕು. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಗಾಜನ್ನು ಒತ್ತುತ್ತಿರಬೇಕು, ಇನ್ನೊಬ್ಬರು ಒಳಗೆ ಕೂತು ದಾರವನ್ನು ನಿಧಾನವಾಗಿ ಎಳೆಯಬೇಕು. ದಾರ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕೂರುತ್ತದೆ. ಜಾರಲು ಸೋಪಿನ ನೀರು ಮಾತ್ರ. ಎಂಜಿನ್ ಎಣ್ಣೆ ಬಳಿದರೆ ಕೆಲಸ ಸುಲಭ, ಆದರೆ ಎಣ್ಣೆ ಹೀರಿ ರಬ್ಬರು ಕ್ರಮೇಣ ಉಬ್ಬಿ ಹಾಳಾಗುತ್ತದೆ.

ಹೇಳಲು ಇಷ್ಟೇ. ಮಾಡಲು ಹೋದಾಗ ನಾನು ಎಡವಿದೆ. ಪಟ್ಟಿಯನ್ನು ಮೂಲೆಯಲ್ಲಿ ತಿರುಗಿಸುವಾಗ ಅವಸರಪಟ್ಟು ಹೆಬ್ಬೆರಳಿನಿಂದ ಒತ್ತಿಬಿಟ್ಟೆ. ಸಣ್ಣದೊಂದು ‘ಟಿಕ್’ ಸದ್ದು. ಅರವತ್ತು ವರ್ಷ ಉಪ್ಪುಗಾಳಿಯಲ್ಲಿ ಬಾಳಿದ ಪಟ್ಟಿ ನನ್ನ ಕೈಯಲ್ಲಿ ಅರ್ಧ ಸೆಕೆಂಡಿನಲ್ಲಿ ಮಡಚಿತು. ಅಲ್ಯೂಮಿನಿಯಂ ಒಮ್ಮೆ ಮಡಚಿದರೆ ಪೂರ್ತಿ ಮೊದಲಿನಂತೆ ಆಗುವುದಿಲ್ಲ.

ಅದು ಬರೀ ಅಂದದ ಪ್ರಶ್ನೆಯಾಗಿರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗಾಗಿ ಹೊಸ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಕಾರು ಮತ್ತು ಬೈಕುಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಿ, ‘ವಿಎ’ ಅಕ್ಷರಗಳಿರುವ ನಂಬರ್ ಪಡೆಯಬಹುದು. ಈ ಕುಟುಂಬಕ್ಕೂ ಆ ಆಲೋಚನೆ ಇತ್ತು. ಮೂಲದ್ದು ಎನ್ನುವ ಪ್ರತಿಯೊಂದು ತುಣುಕಿಗೂ ಅಲ್ಲಿ ಬೆಲೆ ಇದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಪೂಜೆ ಮುಗಿಸಿ ನಾನೇ ಅವರ ಮನೆಗೆ ಹೋಗಿ ಹೇಳಿದೆ. ಮನೆಯ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನನ್ನ ಗಂಡ ಈ ಕಾರನ್ನು ಮೊದಲ ವಾರವೇ ಗೇಟಿಗೆ ಗುದ್ದಿದ್ದರು” ಎಂದು ನಕ್ಕರು. ಮೇಸ್ತ್ರಿ ಬೈಯಲಿಲ್ಲ. ಪಟ್ಟಿಯನ್ನು ಮರದ ತುಂಡಿನ ಮೇಲಿಟ್ಟು, ಮರದ ಸುತ್ತಿಗೆಯಿಂದ ಒಂದು ಗಂಟೆ ಮೆಲ್ಲಗೆ ತಟ್ಟಿದರು. ಆಗ ಅವರ ಕೈ ನಡುಗಲಿಲ್ಲ. ಗುರುತು ಮಾತ್ರ ಉಳಿಯಿತು.

ಎರಡನೇ ಪಾಠ ಎಣ್ಣೆಯದು. ಬೀಟಲ್‌ನಲ್ಲಿ ಎಂಜಿನ್ ಹಿಂದಿದೆ. ಗೇರ್‌ಬಾಕ್ಸ್ ಮತ್ತು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಒಂದೇ ಕವಚದಲ್ಲಿವೆ, ಎರಡಕ್ಕೂ ಒಂದೇ ಎಣ್ಣೆ. ಕೆಲಸ ಶುರುಮಾಡುವ ಮೊದಲು ಮೇಸ್ತ್ರಿ ಕೇಳಿದರು: “ಮೊದಲು ಯಾವ ಬಿರಡಿ ತೆಗೀತಿ?” ಕೆಳಗಿನದು, ಹಳೆಯ ಎಣ್ಣೆ ಸುರಿಸಲು ಎಂದೆ. “ತಪ್ಪು. ಮೊದಲು ತುಂಬುವ ಬಿರಡಿ ತೆಗಿ. ಅದು ಜಾಮ್ ಆಗಿದ್ರ, ಇರೋ ಎಣ್ಣಿನೂ ಚೆಲ್ಲಿ ಏನ್ ಮಾಡ್ತಿ?” ಬಿಎಸ್‌ಸಿಯ ಮೂರು ವರ್ಷದಲ್ಲಿ ಯಾರೂ ನನಗೆ ಇಷ್ಟು ಸರಳವಾಗಿ ಮುಂದಾಲೋಚನೆ ಕಲಿಸಿರಲಿಲ್ಲ.

ಹಳೆಯ ಎಣ್ಣೆ ಬಿಸಿ ಇರುವಾಗಲೇ ಸುರಿಸಿದೆವು. ಕೆಳಗಿನ ಬಿರಡೆಯಲ್ಲಿ ಆಯಸ್ಕಾಂತವಿದೆ, ಕಬ್ಬಿಣದ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಬೂದು ಬಣ್ಣದ ಕೆಸರು ಮಾಮೂಲು. ಆದರೆ ಎಣ್ಣೆಯಲ್ಲೇ ಬಂಗಾರದ ಬಣ್ಣದ ಮಿಣುಕು ತೇಲುತ್ತಿತ್ತು. ಆಯಸ್ಕಾಂತ ಅದನ್ನು ಹಿಡಿಯುವುದಿಲ್ಲ. ಅದು ಸಿಂಕ್ರೊಮೆಶ್ ಉಂಗುರಗಳ ಹಿತ್ತಾಳೆ.

ಹಿಂದೆ ಯಾರೋ ಪ್ರೀತಿಯಿಂದಲೇ ‘ಹೆಚ್ಚು ಒಳ್ಳೆಯ’ ಜಿಎಲ್-5 ಎಣ್ಣೆ ಹಾಕಿಸಿದ್ದರು. ಡಬ್ಬಿಯ ಮೇಲಿನ ಅಂಕಿ ದೊಡ್ಡದಾದರೆ ಎಣ್ಣೆಯೂ ಮೇಲು ಎಂದು ನಾವೂ ಅಂದುಕೊಳ್ಳುತ್ತೇವೆ. ಭಾರೀ ಒತ್ತಡದಲ್ಲಿ ಹಲ್ಲುಗಳು ಸವೆಯದಿರಲು ಇಂಥ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸುತ್ತಾರೆ. ಜಿಎಲ್-5ರಲ್ಲಿ ಅದು ಹೆಚ್ಚು. ಕ್ರಿಯಾಶೀಲ ಗಂಧಕಕ್ಕೂ ತಾಮ್ರಕ್ಕೂ ಆಗಿಬರುವುದಿಲ್ಲ. ಎಣ್ಣೆಯನ್ನು ಪರೀಕ್ಷಿಸಲು ಉಜ್ಜಿದ ತಾಮ್ರದ ಪಟ್ಟಿಯನ್ನು ಅದರಲ್ಲಿ ಮುಳುಗಿಸಿ ಬಿಸಿ ಮಾಡಿ, ಎಷ್ಟು ಕಪ್ಪಾಯಿತು ಎಂದು ನೋಡುವ ವಿಧಾನವೇ ಇದೆ. ಹಿತ್ತಾಳೆಯಲ್ಲಿ ಇರುವುದು ಬಹುಪಾಲು ತಾಮ್ರವೇ. ಎಲ್ಲ ಜಿಎಲ್-5 ಎಣ್ಣೆಯೂ ಹಾಗೆ ಹಾಳುಮಾಡುತ್ತದೆ ಎಂದಲ್ಲ. ಆದರೆ ಇಂಥ ಹಳೆಯ ಪೆಟ್ಟಿಗೆಗೆ ಕ್ಷೇಮ ಜಿಎಲ್-4, ದಪ್ಪ ಎಸ್‌ಎಇ 90. ಮೇಸ್ತ್ರಿಗೆ ಗಂಧಕದ ರಸಾಯನಶಾಸ್ತ್ರ ಗೊತ್ತಿರಲಿಲ್ಲ. “ಆ ಎಣ್ಣಿ ಹಿತ್ತಾಳಿ ತಿಂತೈತಿ” ಎಂಬುದು ಗೊತ್ತಿತ್ತು.

ತುಂಬುವಾಗ ಇನ್ನೊಂದು ಮೋಸವಿದೆ. ಬದಲಿಸುವಾಗ ಬೇಕಾದದ್ದು ಎರಡೂವರೆ ಲೀಟರ್. ನಾನು ರಭಸದಿಂದ ತುಂಬಿದೆ, ಸ್ವಲ್ಪ ಹೊತ್ತಿಗೇ ತೂತಿನಿಂದ ಎಣ್ಣೆ ಉಕ್ಕಿತು. ತುಂಬಿತು ಎಂದೆ. “ತುಂಬಿಲ್ಲ, ತುಂಬಿದಂಗ ಕಾಣ್ತೈತಿ. ಚಾ ಕುಡದು ಬಾ” ಎಂದರು. ದಪ್ಪ ಎಣ್ಣೆ ಒಳಗಿನ ಸಂದುಗಳಿಗೆಲ್ಲ ಇಳಿಯಲು ಸಮಯ ಬೇಕು. ಚಹಾ ಕುಡಿದು ಬಂದ ಮೇಲೆ ಉಳಿದದ್ದೂ ಹಿಡಿಯಿತು. ಅವಸರದಲ್ಲಿ ಬಿರಡೆ ಹಾಕಿದ್ದರೆ ಗೇರ್‌ಬಾಕ್ಸ್ ಅರೆಹೊಟ್ಟೆಯಲ್ಲೇ ಓಡುತ್ತಿತ್ತು. ಎಂಜಿನ್ನಿಗೂ ಎರಡೂವರೆ ಲೀಟರ್, ಬೇರೆ ಎಣ್ಣೆ. ಈ ಎಂಜಿನ್ನಿಗೆ ಇಂದಿನಂತೆ ಎಣ್ಣೆ ಫಿಲ್ಟರ್ ಇಲ್ಲ, ಒಂದು ಜರಡಿ ಅಷ್ಟೇ. ರೇಡಿಯೇಟರ್ ನೀರೂ ಇಲ್ಲ. ತಂಪು ಮಾಡುವುದು ಗಾಳಿ ಮತ್ತು ಎಣ್ಣೆ. ಆದ್ದರಿಂದ ಎಣ್ಣೆ ಬದಲಿಸುವುದನ್ನು ಮುಂದೂಡಿದರೆ ಕಾರಿನ ಆಯುಸ್ಸಿನಿಂದಲೇ ಸಾಲ ಪಡೆದಂತೆ.

ಜನವರಿಯಲ್ಲಿ ಮದುಮಗಳು ಅದೇ ಕಾರಿನಲ್ಲಿ ಬಂದಳು. ಗಾಜಿನ ಸುತ್ತಲಿನ ಬೆಳ್ಳಿ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಎಡಮೂಲೆಯ ಸಣ್ಣ ತಗ್ಗು ನನ್ನೊಬ್ಬನಿಗೇ ಕಂಡಿರಬೇಕು. ಜನರೆಲ್ಲ ಕಾರಿನ ಮಾಲೀಕರ ಜೊತೆ ಫೋಟೋ ತೆಗೆಸಿಕೊಂಡರು. ಮೇಸ್ತ್ರಿ ಗೇಟಿನ ಹತ್ತಿರ ನಿಂತು, ಹೊರಡುವಾಗ ಗೇರಿನ ಸದ್ದು ಕೇಳುತ್ತಿದ್ದರು. ಸದ್ದು ಬರಲಿಲ್ಲ. ಅವರು ತಲೆ ಆಡಿಸಿ ಮನೆಗೆ ಹೊರಟರು.

ಮಿತ್ರರೇ, ಗೋವಾದ ಹಳೆಯ ಕಾರುಗಳ ಬಗ್ಗೆ ಬರೆಯುವವರು ಯಾವ ಕಂಪನಿ, ಯಾವ ಇಸವಿ, ಯಾರ ಮನೆತನ ಎಂದು ಬರೆಯುತ್ತಾರೆ. ಅದೂ ಬೇಕು. ಆದರೆ ನಂಬರ್ ಪ್ಲೇಟು ಬದಲಾದರೂ, ಆಡಳಿತ ಬದಲಾದರೂ, ಬಿಡಿಭಾಗವೇ ಸಿಗದಿದ್ದರೂ ಅವನ್ನು ಓಡಿಸಿದವರ ಹೆಸರು ಎಲ್ಲೂ ಇಲ್ಲ. ಅವರಲ್ಲಿ ಗದಗ, ಬಾಗಲಕೋಟೆ, ವಿಜಯಪುರ ಕಡೆಯಿಂದ ದುಡಿಯಲು ಬಂದ ನಮ್ಮ ಹಿರಿಯರೂ ಇದ್ದಾರೆ. ಅವರ ವಿದ್ಯೆ ಪುಸ್ತಕದಲ್ಲಿಲ್ಲ. ‘ಮೊದಲು ತುಂಬುವ ಬಿರಡೆ’ ಎಂಬ ಮಾತು ಅವರ ಜೊತೆಯೇ ಹೋಗಿಬಿಡಬಹುದು.

ನಾನು ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಶನಿವಾರ ಮೇಸ್ತ್ರಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೂ ಗಾರೆ ಕೆಲಸದವರು, ಬಂದರಿನಲ್ಲಿ ದುಡಿದವರು, ಹೊಲಿಗೆಯವರು, ಬೇಕರಿಯವರು ಇರಬಹುದು. ಈ ಭಾನುವಾರ ಊಟವಾದ ಮೇಲೆ ಫೋನು ಬದಿಗಿಟ್ಟು ಅವರ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿ: “ನಿಮ್ಮ ಕೆಲಸದಲ್ಲಿ ಮೊದಲು ಏನು ಮಾಡಬೇಕು?” ಉತ್ತರವನ್ನು ಬರೆದಿಡಿ. ಒಂದೇ ಸಲಕ್ಕೆ ಎಲ್ಲ ಸಿಕ್ಕಿತು ಎಂದುಕೊಳ್ಳಬೇಡಿ. ಚಹಾ ಕುಡಿದು ಬಂದು ಮತ್ತೆ ಕೇಳಿ, ಇನ್ನೂ ಸ್ವಲ್ಪ ಹಿಡಿಯುತ್ತದೆ.