ಹಡಗು ಹತ್ತದ ಹದ

ಕಳೆದ ಚಳಿಗಾಲದಲ್ಲಿ ಒಂದು ಅನುವಾದದ ಕೆಲಸ ಬಂತು. ಹವ್ಯಾಸಕ್ಕೆ ಕಮ್ಮಾರಿಕೆ ಕಲಿಯುವವರಿಗಾಗಿ ಬರೆದ ಇಂಗ್ಲಿಷ್ ಕೈಪಿಡಿ. ಸಲಕರಣೆಗಳ ಅಧ್ಯಾಯ ಮೂರೇ ದಿನಕ್ಕೆ ಮುಗಿಯಿತು. ಕುಲುಮೆ, ತಿದಿ, ಇಕ್ಕಳ, ಅಡಿಗಲ್ಲು, ಸುತ್ತಿಗೆ, ಮೂಸೆ – ಬೇಕಾದ ಪದಗಳೆಲ್ಲ ಕನ್ನಡದಲ್ಲಿ ಮೊದಲೇ ಇದ್ದವು. ಬಂಡಿ ನಿಂತದ್ದು ಕಾಯಿಸುವ, ತಣಿಸುವ ಅಧ್ಯಾಯದಲ್ಲಿ. ಅಲ್ಲಿ ಎರಡು ಕೆಲಸಗಳಿವೆ. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ತಣಿಸಿ ಗಡಸು ಮಾಡುವುದು ಒಂದು. ಆ ಗಡಸನ್ನು ಮತ್ತೆ ಸಣ್ಣ ಕಾವಿನಲ್ಲಿ ತುಸು ಸಡಿಲಿಸುವುದು ಇನ್ನೊಂದು. ನಮ್ಮ ಮಾತಿನಲ್ಲಿ ಎರಡಕ್ಕೂ ಸೇರಿ ಇರುವುದು ಒಂದೇ ಪದ: ಹದ.

ಮೊದಲು ಇದನ್ನು ಭಾಷೆಯ ಬಡತನ ಎಂದುಕೊಂಡೆ. ಆಮೇಲೆ ಅನುಮಾನ ಬಂತು. ಬೆಲ್ಲದ ಪಾಕಕ್ಕೆ ಹದ ಇದೆ, ದೋಸೆ ಹಿಟ್ಟಿಗೆ ಹದ ಇದೆ, ಬಿತ್ತನೆಗೆ ಮುಂಚೆ ನೆಲಕ್ಕೆ ಹದ ಬರಬೇಕು, ಚರ್ಮವನ್ನೂ ಹದ ಮಾಡುತ್ತಾರೆ. ಇದು ಒಂದು ಕ್ರಿಯೆಯ ಹೆಸರಲ್ಲ; ಎಲ್ಲಿ ನಿಲ್ಲಿಸಬೇಕು ಎಂಬುದರ ಹೆಸರು. ಕಣ್ಣು, ಕೈ, ಕಿವಿಗೆ ಗೊತ್ತಾಗುವಂಥದು. ಇದನ್ನು ಕಾಗದದ ಮೇಲೆ ಇನ್ನೊಬ್ಬರಿಗೆ ದಾಟಿಸುವುದು ಕಷ್ಟ. ಎಷ್ಟು ಕಷ್ಟ ಎಂಬುದಕ್ಕೆ ನಮ್ಮದೇ ಉಕ್ಕಿನ ಚರಿತ್ರೆ ಸಾಕ್ಷಿ.

1794ರಲ್ಲಿ ಮುಂಬಯಿಯಲ್ಲಿದ್ದ ಡಾ. ಹೆಲೆನಸ್ ಸ್ಕಾಟ್ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಇಲ್ಲಿನ ಉಕ್ಕಿನ ಗಟ್ಟಿಗಳನ್ನು ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅವನ್ನು ಪರೀಕ್ಷಿಸಿ ಪ್ರಬಂಧ ಓದಿದ. ‘ವೂಟ್ಜ್’ ಎಂಬ ಹೆಸರು ಅಚ್ಚಾದದ್ದು ಅದರಲ್ಲಿ. ಈ ವಿಚಿತ್ರ ಪದ ಎಲ್ಲಿಂದ ಬಂತು? 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಒಂದು ಊಹೆ ಕೊಡುತ್ತದೆ: ಇದು ಬರವಣಿಗೆಯ ತಪ್ಪು; ಮೂಲದಲ್ಲಿ ‘ವೂಕ್’ ಎಂದಿದ್ದಿರಬೇಕು, ಅದು ಕನ್ನಡದ ‘ಉಕ್ಕು’. ಬೇರೆ ವಾದಗಳೂ ಇವೆ. ಆದರೆ ನಮ್ಮ ಮಾತಿನ ರೂಢಿ ಗಮನಿಸಿದರೆ ಈ ಊಹೆ ಹತ್ತಿರವೆನಿಸುತ್ತದೆ. ಪದದ ಮೊದಲಿಗೆ ‘ಉ’ ಬಂದಾಗ ನಾವು ಎಷ್ಟೋ ಸಲ ‘ವು’ ಎನ್ನುತ್ತೇವೆ. ‘ಉಕ್ಕು’ ಎನ್ನಲು ಹೋಗಿ ‘ವುಕ್ಕು’ ಎನ್ನುವವರು ಇಂದೂ ಇದ್ದಾರೆ. ಹಾಲು ಉಕ್ಕುವುದಕ್ಕೂ ಈ ಉಕ್ಕಿಗೂ ನಂಟು ಕಟ್ಟುವ ಆಸೆ ಎಲ್ಲರಿಗೂ ಆಗುತ್ತದೆ. ತಮಿಳಿನ ‘ಉರುಕ್ಕು’ ನೋಡಿದರೆ ಬೇರೆ ದಾರಿ ಕಾಣುತ್ತದೆ: ಕರಗಿಸಿದ್ದು.

ಕರಗಿಸಿದ್ದೇ ನಿಜ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿ, ಮಧುಗಿರಿ ಕಡೆಯ ಕಬ್ಬಿಣ-ಉಕ್ಕಿನ ಕೆಲಸವನ್ನು ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿಯ ಕಟ್ಟಿಗೆ ಮತ್ತು ಹಸಿ ಎಲೆ. ಬಾಯಿ ಮುಚ್ಚಿ ಕುಲುಮೆಗಿಟ್ಟು ತಿದಿ ಒತ್ತಿದರೆ ಕಟ್ಟಿಗೆ ಒಳಗೇ ಇದ್ದಿಲಾಗಿ, ಅದರ ಇಂಗಾಲವನ್ನು ಕಬ್ಬಿಣ ಕುಡಿದು ಕರಗುತ್ತದೆ. ಆ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಗೆ, ವಾದ್ಯದ ತಂತಿಗೆ ಹೋಗುತ್ತಿತ್ತು. ಇಂದು ಗೊಂಬೆಗೆ ಹೆಸರಾದ ಚನ್ನಪಟ್ಟಣ ಒಂದು ಕಾಲಕ್ಕೆ ಉಕ್ಕಿನ ತಂತಿಗೂ ಹೆಸರುವಾಸಿ.

ಲಂಡನ್ನಿಗೆ ಹೋದ ಗಟ್ಟಿಗಳ ಪಾಡು ಬೇರೆ. ಯುರೋಪಿನ ಕಮ್ಮಾರರಿಗೆ ಅಭ್ಯಾಸವಿದ್ದದ್ದು ಇಂಗಾಲ ಕಡಿಮೆಯಿರುವ ಮೆದು ಕಬ್ಬಿಣ. ಅದನ್ನು ಬೆಳ್ಳಗೆ ಹೊಳೆಯುವಷ್ಟು ಕಾಯಿಸಿ ಬಡಿದರೂ ಅದು ಸಹಿಸುತ್ತದೆ. ನಮ್ಮ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದೂವರೆ ಭಾಗದ ಆಸುಪಾಸು. ಅಂಥದ್ದು 1,200 ಡಿಗ್ರಿ ದಾಟಿದರೆ ಒಳಗೊಳಗೇ ಕರಗಲು ಶುರುವಾಗುತ್ತದೆ. ಸುತ್ತಿಗೆ ಬಿದ್ದರೆ ಪುಡಿಪುಡಿ. ಅದಕ್ಕೆ ಬೇಕಾದದ್ದು ಕೆಂಪು-ಕಿತ್ತಳೆಯ ಕಡಿಮೆ ಕಾವು, ಹಗುರ ಪೆಟ್ಟು, ಬೆಟ್ಟದಷ್ಟು ತಾಳ್ಮೆ. ಗಟ್ಟಿ ಹಡಗು ಹತ್ತಿತ್ತು, ಹೆಸರು ಸೊಟ್ಟಗಾಗಿಯಾದರೂ ಹತ್ತಿತ್ತು. ಹದ ಹತ್ತಿರಲಿಲ್ಲ.

ಎಲ್ಲರೂ ಸೋತರು ಎಂದಲ್ಲ. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಅದರಿಂದ ಒಳ್ಳೆಯ ಅಲಗು ಮಾಡಿ, ಯುರೋಪಿನ ಉಕ್ಕಿಗಿಂತ ಇದೇ ಮೇಲು ಎಂದು ತನ್ನ ಅಂಗಡಿಯ ಚೀಟಿಯಲ್ಲೇ ಹಾಕಿಸಿಕೊಂಡ. ಅವನ ಜೊತೆ ಸೇರಿ ಇದರ ಗುಟ್ಟು ಹುಡುಕಿದವನು ಮೈಕೆಲ್ ಫ್ಯಾರಡೆ; ಕಮ್ಮಾರನ ಮಗ. 1820ರ ಸುಮಾರಿಗೆ ಇಬ್ಬರೂ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಬೆರೆಸಿ ನೋಡಿದರು. ಗುಟ್ಟು ಯಾವುದೋ ಬೆರಕೆಯಲ್ಲಿದೆ ಎಂಬುದು ಅವರ ನಂಬಿಕೆ. ಪೂರ್ತಿ ತಪ್ಪೂ ಅಲ್ಲ. 1998ರಲ್ಲಿ ಅಮೆರಿಕದ ಲೋಹ ವಿಜ್ಞಾನಿ ಜಾನ್ ವೆರ್‌ಹೋವೆನ್ ಮತ್ತು ಕುದುರೆಗೆ ಲಾಳ ಹೊಡೆಯುತ್ತಿದ್ದ ಆಲ್ಫ್ರೆಡ್ ಪೆಂಡ್ರೆ ತೋರಿಸಿದ್ದು ಇದು: ಹಳೆಯ ಕತ್ತಿಗಳ ಮೇಲಿನ ಅಲೆಯಂಥ ಗೆರೆಗಳಿಗೆ ವೆನೇಡಿಯಂನಂಥ ಲೋಹದ ಲವಲೇಶ ಬೇಕು, ಅದಿದ್ದರೂ ಸಾಲದು, ಸರಿಯಾದ ಕಾವಿನಲ್ಲಿ ಮತ್ತೆ ಮತ್ತೆ ಕಾಯಿಸಿ ಬಡಿಯಬೇಕು. ಕಾಗದದ ಲೆಕ್ಕಕ್ಕೆ ಪ್ರೊಫೆಸರು, ಕಾವಿನ ಲೆಕ್ಕಕ್ಕೆ ಲಾಳದವನು. ಒಬ್ಬರಿಂದ ಆಗದ ಕೆಲಸ.

ಅಷ್ಟು ಹೊತ್ತಿಗೆ ಇಲ್ಲಿನ ಮೂಸೆಗಳು ತಣ್ಣಗಾಗಿ ಎಷ್ಟೋ ಕಾಲವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಾಯಿತಿಯ ಅಗ್ಗದ ಉಕ್ಕು ಬಂತು, ಇದ್ದಿಲಿಗೆ ಬೇಕಾದ ಕಾಡು ಕೈತಪ್ಪಿತು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಇದ್ದಿಲಿನಿಂದಲೇ ಕಬ್ಬಿಣ ತೆಗೆಯತೊಡಗಿತು, ಆದರೆ ಅದು ಬೇರೆಯೇ ವಿದ್ಯೆ. ಮಧುಗಿರಿಯ ಮೂಸೆಯವರು ಯಾವ ಬಣ್ಣಕ್ಕೆ ಏನೆಂದು ಕರೆಯುತ್ತಿದ್ದರು ಎಂಬುದನ್ನು ಯಾರೂ ಅವರ ಮಾತಿನಲ್ಲಿ ಬರೆದಿಡಲಿಲ್ಲ. ನನ್ನ ಕೈಪಿಡಿಯ ಖಾಲಿ ಜಾಗಗಳು ಅವೇ.

ಆ ಜಾಗ ತುಂಬಲು ಕೊನೆಗೆ ನಾನು ಹೋದದ್ದು ದೆಹಲಿಯ ರಸ್ತೆಬದಿಗೆ. ಇಲ್ಲಿ ಫುಟ್‌ಪಾತಿನ ಮೇಲೆ ಕುಲುಮೆ ಹೂಡಿರುವ ಗಾಡಿಯಾ ಲೋಹಾರರನ್ನು ನೀವು ನೋಡಿರಬಹುದು. 1568ರಲ್ಲಿ ಚಿತ್ತೋಡು ಬಿದ್ದ ಮೇಲೆ ಮನೆ ಕಟ್ಟುವುದಿಲ್ಲ ಎಂದು ಆಣೆ ಮಾಡಿ ಗಾಡಿ ಏರಿದವರು ತಾವು ಎನ್ನುತ್ತಾರೆ. 1955ರಲ್ಲಿ ನೆಹರೂ ಅವರನ್ನು ಮತ್ತೆ ಚಿತ್ತೋಡಿನ ಕೋಟೆಯೊಳಗೆ ಕರೆದೊಯ್ದರು. ಆದರೂ ಎಷ್ಟೋ ಕುಟುಂಬಗಳಿಗೆ ಇಂದೂ ರಸ್ತೆಬದಿಯೇ ಮನೆ. ಗಂಡಸು ಇಕ್ಕಳ ಹಿಡಿದರೆ, ದೊಡ್ಡ ಸುತ್ತಿಗೆ ಹೆಂಗಸಿನ ಕೈಯಲ್ಲಿ.

ನಾನು ಒಯ್ದಿದ್ದು ನನ್ನ ಮೊದಲ ಚಾಕುವಿನ ಎರಡು ತುಂಡು. ಲಾರಿಯ ಕಮಾನು ಪಟ್ಟಿಯಿಂದ ಮಾಡಿದ್ದು. ಹಳದಿಯಾಗುವವರೆಗೆ ಕಾಯಿಸಿ ಬಕೆಟ್ ನೀರಿಗೆ ಅದ್ದಿದಾಗ ‘ಟಿಣ್’ ಎಂದಿತ್ತು. ಅಲ್ಲಿನ ಅಮ್ಮ ಮುರಿದ ಅಂಚನ್ನು ಬೆಳಕಿಗೆ ಹಿಡಿದು, “ಭೈಯಾ, ಇದು ಸಕ್ಕರೆಯಾಗಿದೆ” ಎಂದರು. ನಿಜ, ಸಕ್ಕರೆಯಂತೆ ದಪ್ಪ ಹರಳು. ಅತಿ ಕಾವಿನ ಗುರುತು. “ಬಿಸಿಲಲ್ಲಿ ಮಾಡಿದಿರಾ? ಬಿಸಿಲು ಸುಳ್ಳು ಹೇಳುತ್ತೆ.” ಬಿಸಿಲಲ್ಲಿ ಕಿತ್ತಳೆಯೂ ಮಂಕು ಕೆಂಪಾಗಿ ಕಾಣುತ್ತದೆ, ಇನ್ನಷ್ಟು ಕಾಯಲಿ ಎಂದು ಬಿಟ್ಟಿದ್ದೆ.

ಹಾಗಾಗಿ ಕುಲುಮೆ ಹೂಡುವವರಿಗೆ ನಾನು ಹೇಳುವುದು ಇಷ್ಟು. ದುಬಾರಿ ಅಡಿಗಲ್ಲು ಬೇಡ, ಗುಜರಿಯ ಗಟ್ಟಿ ಕಬ್ಬಿಣದ ದಿಮ್ಮಿ ಸಾಕು. ನೆರಳು ಮುಖ್ಯ. ಗಡಸು ಮಾಡುವಾಗ ಒಂದು ಅಯಸ್ಕಾಂತ ಪಕ್ಕದಲ್ಲಿರಲಿ: 770 ಡಿಗ್ರಿಯ ಹೊತ್ತಿಗೆ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಒಂದು ಛಾಯೆ ಮಾತ್ರ ಮೇಲೆ ಹೋಗಿ ತಣಿಸಿ. ಕಮಾನು ಪಟ್ಟಿಗೆ ನೀರು ಬೇಡ, ಬೆಚ್ಚಗಿನ ಎಣ್ಣೆ. ಎಣ್ಣೆ ಹೊತ್ತಿಕೊಂಡರೆ ಮುಚ್ಚಲು ತಗಡಿನ ಮುಚ್ಚಳ, ನೀರು ಎರಚಲೇಬೇಡಿ. ಸತುವಿನ ಲೇಪವಿರುವ ಕಬ್ಬಿಣವನ್ನು ಕುಲುಮೆಗೆ ಹಾಕಬೇಡಿ, ಅದರ ಹೊಗೆ ವಿಷ. ತಣಿದ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರೆ ಮೈಮೇಲೆ ಬಣ್ಣಗಳು ಓಡುತ್ತವೆ. ಒಣಹುಲ್ಲಿನ ಹಳದಿ ಚಾಕುವಿಗೆ, ಬದನೆಕಾಯಿಯ ನೇರಳೆ ಉಳಿಗೆ, ನೀಲಿ ಸ್ಪ್ರಿಂಗಿಗೆ.

ಕೈಪಿಡಿಯಲ್ಲಿ ಕೊನೆಗೆ ಎರಡು ಪದ ಬರೆದೆ: ಮೊದಲನೆಯದಕ್ಕೆ ‘ಗಡಸು ಮಾಡುವುದು’, ಎರಡನೆಯದಕ್ಕೆ ‘ಹದಕ್ಕೆ ತರುವುದು’. ಡಿಗ್ರಿಗಳ ಪಕ್ಕದಲ್ಲಿ ಹುಲ್ಲು, ಬದನೆಕಾಯಿಯನ್ನೂ ಸೇರಿಸಿದೆ. ಸಂಪಾದಕರು ಬದನೆಕಾಯಿ ತೆಗೆಯಲು ಹೇಳಿದ್ದಾರೆ. ನಾನಿನ್ನೂ ತೆಗೆದಿಲ್ಲ.