ಗೋಕಾಕ ಫಾಲ್ಸ್: ನೀರಿನ ಬಳಿಗೆ ಬಂದ ಊರು

ಗೋಕಾಕದ ಬಳಿ ಘಟಪ್ರಭಾ ನದಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುವುದನ್ನು ನೀವು ನೋಡಿರಬಹುದು. ಮುಂದಿನ ಸಲ ಹೋದಾಗ ಜಲಪಾತಕ್ಕೆ ಬೆನ್ನು ಮಾಡಿ ನಿಂತು ಊರನ್ನೂ ನೋಡಿ. ನೂಲಿನ ಗಿರಣಿ, ಕಾರ್ಮಿಕರ ಮನೆಗಳು, ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ದಂಡೆಯ ಮೇಲೆ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ. ಗುಡಿ ಬಹಳ ಹಳೆಯದು. ಊರಿನ ಉಳಿದ ಬಹುಭಾಗ ಗಿರಣಿಯನ್ನು ಹಿಂಬಾಲಿಸಿ ಬಂದದ್ದು.

ಕಂಪನಿ ಸ್ಥಾಪನೆಯಾದದ್ದು 1885ರಲ್ಲಿ. ಗಿರಣಿ ತಿರುಗತೊಡಗಿದ್ದು 1887ರಲ್ಲಿ. ಬೆಳಗಾವಿ-ಧಾರವಾಡದ ಎರೆಭೂಮಿಯಲ್ಲಿ ಹತ್ತಿಗೆ ಕೊರತೆಯಿರಲಿಲ್ಲ. ಆದರೆ ಗಿರಣಿಯನ್ನು ಪಟ್ಟಣದಲ್ಲಿ ಕಟ್ಟದೆ ಈ ಬಂಡೆಗಳ ನಡುವೆ ಏಕೆ ಕಟ್ಟಿದರು?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಘನ ಮೀಟರ್ ನೀರಿನ ರಾಶಿ 1000 ಕಿಲೋಗ್ರಾಂ. ಅದು 52 ಮೀಟರ್ ಬಿದ್ದರೆ ದೊರೆಯುವ ಶಕ್ತಿ 1000 × 9.8 × 52, ಅಂದರೆ ಸುಮಾರು 5.1 ಲಕ್ಷ ಜೂಲ್. ಪ್ರತಿ ಸೆಕೆಂಡಿಗೆ ಇಷ್ಟು ನೀರು ಬೀಳುತ್ತಿದ್ದರೆ 510 ಕಿಲೋವಾಟ್! ಘರ್ಷಣೆ ಮುಂತಾದವುಗಳಿಂದ ಒಂದಿಷ್ಟು ನಷ್ಟವಾದರೂ ಕಲ್ಲಿದ್ದಲು ಸುಡದೆ ಯಂತ್ರ ತಿರುಗಿಸಲು ಇದು ಕಡಿಮೆಯೇನಲ್ಲ. ತೊಡಕು ಒಂದೇ: ಆಗ ಈ ಶಕ್ತಿಯನ್ನು ದೂರ ಸಾಗಿಸುವ ಅನುಕೂಲವಿರಲಿಲ್ಲ. ಹಾಗಾಗಿ ಗಿರಣಿ ನೀರಿನ ಬಳಿಗೆ ಬಂತು, ಗಿರಣಿಯ ಬಳಿಗೆ ಜನ ಬಂದರು.

ಇಂಗ್ಲೆಂಡಿನಲ್ಲೂ ಇದೇ ಕಥೆ. ಡರ್ಬಿಶೈರಿನ ಕ್ರಾಮ್‌ಫರ್ಡ್ ಎಂಬ ಹಳ್ಳಿಯಲ್ಲಿ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನಿಂದ ನಡೆಯುವ ನೂಲಿನ ಗಿರಣಿ ಆರಂಭಿಸಿದ. ಕೆಲಸಗಾರರಿಗಾಗಿ ಸಾಲುಮನೆಗಳನ್ನೂ ಕಟ್ಟಿಸಿದ. ಅಲ್ಲಿಯವರೆಗೆ ಹೊತ್ತು ನೋಡಿ ಹೊಲಕ್ಕೆ ಹೋಗುತ್ತಿದ್ದವರು ಗಡಿಯಾರ ನೋಡಿ ಕೆಲಸಕ್ಕೆ ಹೊರಡತೊಡಗಿದರು. ಪಾಳಿ ಎಂಬ ಪದ್ಧತಿ ಊರಿನ ಊಟ, ನಿದ್ದೆಗಳನ್ನೂ ಬದಲಿಸುತ್ತದೆ. ಗೋಕಾಕ ಫಾಲ್ಸ್‌ನ ಹಿರಿಯರನ್ನು ಕೇಳಿ ನೋಡಿ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೂಲಕ ವಿದ್ಯುತ್ ಹರಿಯಿತು. ಅಲ್ಲಿ ಗಣಿ ಇದ್ದಲ್ಲೇ ಇತ್ತು, ಶಕ್ತಿಯೇ ಪ್ರಯಾಣ ಮಾಡಿತು. ಗೋಕಾಕದಲ್ಲಿ 1887ರಲ್ಲೇ ವಿದ್ಯುತ್ ಉತ್ಪಾದನೆಯಾಯಿತು, ಇದೇ ಮೊದಲನೆಯದು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಇಂಥ 'ಮೊದಲು'ಗಳನ್ನು ವಿದ್ಯಾರ್ಥಿಗಳಿಗೆ ಹೇಳುವ ಮುನ್ನ ಒಂದು ಎಚ್ಚರ ಬೇಕು. ನೀರು ನೇರವಾಗಿ ಯಂತ್ರವನ್ನು ತಿರುಗಿಸುವುದು ಬೇರೆ, ಡೈನಮೋ ತಿರುಗಿಸಿ ವಿದ್ಯುತ್ ಕೊಡುವುದು ಬೇರೆ, ಆ ವಿದ್ಯುತ್ತನ್ನು ದೂರಕ್ಕೆ ಸಾಗಿಸುವುದು ಮತ್ತೂ ಬೇರೆ.

ಮಳೆಗಾಲದಲ್ಲಿ ಅಬ್ಬರಿಸುವ ಘಟಪ್ರಭೆ ಬೇಸಿಗೆಯಲ್ಲಿ ಸೊರಗುತ್ತಾಳೆ. ನೀರಿಗೆ ಗಿರಣಿಯೊಂದೇ ಹಕ್ಕುದಾರನೂ ಅಲ್ಲ. ಜಲಪಾತಕ್ಕಿಂತ ಮೇಲೆ ಧೂಪದಾಳದಲ್ಲಿ 1897ರ ಹೊತ್ತಿಗೆ ಒಡ್ಡು ಸಿದ್ಧವಾಗಿ, ಎಡದಂಡೆ ಕಾಲುವೆಗೆ ನೀರು ತಿರುಗಿತು. ಹಿಂದೆ ಗೋಕಾಕ ತಾಲ್ಲೂಕಿಗೇ ಸೇರಿದ್ದ ಮೂಡಲಗಿ ಭಾಗದ ಹೊಲಗಳು ಈ ಕಾಲುವೆಯ ಫಲಾನುಭವಿಗಳು. ಕಾಲುವೆಗೆ ಹೋದ ನೀರು ಜಲಪಾತದಲ್ಲಿ ಬೀಳದು. ಬೇಸಿಗೆಯಲ್ಲಿ ಬರಿ ಬಂಡೆ ಕಂಡು ನಿರಾಶರಾಗುವ ಪ್ರವಾಸಿಗರಿಗೆ ಮೂಡಲಗಿಯ ಕಬ್ಬಿನ ಗದ್ದೆಯನ್ನು ತೋರಿಸಬೇಕು!

ಇನ್ನೂ ಮೇಲೆ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಸುಮಾರು 51 ಟಿಎಂಸಿ ಸಾಮರ್ಥ್ಯದ ಜಲಾಶಯವಿದೆ. ಅದೇ ತಾಲ್ಲೂಕಿನಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೊಂದು ಹುಟ್ಟಿತು. ಜನರೇ ಸದಸ್ಯರಾದ ಈ ಸಂಘ ಕಂಬ ನೆಟ್ಟು, ತಂತಿ ಎಳೆದು, ಹಳ್ಳಿಗಳ ಮನೆಗೂ ಪಂಪ್‌ಸೆಟ್‌ಗೂ ವಿದ್ಯುತ್ ತಲುಪಿಸುವ ಕೆಲಸ ಕೈಗೊಂಡಿತು. ಅಲ್ಲಿ ಯಾರೂ ಶಕ್ತಿಗಾಗಿ ಊರು ಬಿಟ್ಟು ನದಿಯ ದಂಡೆಗೆ ಬರಬೇಕಾಗಲಿಲ್ಲ.