ಎರಡೂವರೆ ಇಂಚು ಹಿಮ, ಇಡೀ ಊರು ರಸ್ತೆಯಲ್ಲಿ

ಕಥೆ ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಕೈಯಲ್ಲಿರೋ ಫೋನನ್ನು ಮೇಜಿನ ಮೇಲೆ ಅಡ್ಡಡ್ಡ ನಿಲ್ಲಿಸಿ. ಎತ್ತರ ಎಷ್ಟಿದೆ? ಹೆಚ್ಚುಕಮ್ಮಿ ಏಳು ಸೆಂಟಿಮೀಟರ್. 2014ರ ಜನವರಿ 28ರಂದು ಅಮೆರಿಕದ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಬಿದ್ದ ಹಿಮ ಅದಕ್ಕಿಂತ ಒಂಚೂರು ಕಡಿಮೆ, 2.6 ಇಂಚು. ಬಾಸ್ಟನ್, ಬಫಲೋ ಕಡೆಯವರು ಇದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಆದರೆ ಅಟ್ಲಾಂಟಾದಲ್ಲಿ ಆ ರಾತ್ರಿ ಸಾವಿರಾರು ಜನ ಹೆದ್ದಾರಿಯಲ್ಲೇ, ಕಾರಿನೊಳಗೇ ಬೆಳಗು ಮಾಡಿದರು.

ಅವರಲ್ಲಿ ನಮ್ಮ ಅಣ್ಣನೂ ಒಬ್ಬ, ಚಿಕ್ಕಮ್ಮನ ಮಗ. ಮನೆ ಆಲ್ಫರೆಟಾದಲ್ಲಿ, ಆಫೀಸು ಅಟ್ಲಾಂಟಾ ಮಧ್ಯದಲ್ಲಿ. ಆವತ್ತು ಅಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಫ್ಯಾಮಿಲಿ ಗ್ರೂಪಿಗೆ ಮೆಸೇಜ್ ಹಾಕಿದ: “ಸ್ನೋ ಬೀಳ್ತಿದೆ, ಆಫೀಸಿಂದ ಬೇಗ ಬಿಟ್ರು!” ಜೊತೆಗೆ ಎರಡು ಚಂದದ ಫೋಟೋ. ಮಾರನೇ ಬೆಳಿಗ್ಗೆ ಮೈಸೂರಲ್ಲಿ ಚಿಕ್ಕಮ್ಮ ಫೋನ್ ನೋಡಿದರೆ ಇನ್ನೊಂದು ಫೋಟೋ ಬಂದಿದೆ, ಪೂರ್ತಿ ಕೆಂಪು ಬ್ರೇಕ್ ಲೈಟು. ಅಲ್ಲಿ ಆಗ ರಾತ್ರಿ ಹತ್ತು. ಅವನಿನ್ನೂ ಅರ್ಧ ದಾರಿಯಲ್ಲಿದ್ದ.

ಹಾಗಾದರೆ ಮುನ್ಸೂಚನೆ ತಪ್ಪಾಗಿತ್ತಾ? ಆ ರಾತ್ರಿ ಎಲ್ಲರೂ ಬೈದದ್ದು ಹವಾಮಾನ ಇಲಾಖೆಯವರನ್ನೇ. ಜಾರ್ಜಿಯಾ ಗವರ್ನರ್ ನೇಥನ್ ಡೀಲ್ ಕೂಡ ಇದು “ಅನಿರೀಕ್ಷಿತ” ಅಂದುಬಿಟ್ಟರು. ಆದರೆ ದಾಖಲೆ ತೆಗೆದು ನೋಡಿದರೆ ಕಥೆ ಅಷ್ಟು ಸರಳವಾಗಿಲ್ಲ.

ಆ ಬಾರಿ ಉತ್ತರದಿಂದ ಕೊರೆಯುವ ಗಾಳಿ ಬಂದು ಕೂತಿತ್ತು. ತೇವ ಬರಬೇಕಿದ್ದದ್ದು ದಕ್ಷಿಣದ ಮೆಕ್ಸಿಕೋ ಕೊಲ್ಲಿ ಕಡೆಯಿಂದ. ಹಿಮದ ಪಟ್ಟಿ ಹೆಚ್ಚಾಗಿ ಅಟ್ಲಾಂಟಾದ ದಕ್ಷಿಣಕ್ಕೆ ಹಾದುಹೋಗುತ್ತೆ, ಊರು ಆ ಪಟ್ಟಿಯ ಅಂಚಿನಲ್ಲಿರುತ್ತೆ ಅನ್ನೋದು ಲೆಕ್ಕಾಚಾರ. ಸಣ್ಣ ಹಿಮಪಾತ ಹೇಳೋದು ಕಷ್ಟವಾಗೋದೇ ಈ ಅಂಚಿನಲ್ಲಿ. ಪಟ್ಟಿ ಕೆಲವೇ ಕಿಲೋಮೀಟರ್ ಆಚೀಚೆ ಸರಿದರೂ ಒಂದು ಬಡಾವಣೆಗೆ ಏನೂ ಇಲ್ಲ, ಪಕ್ಕದ್ದಕ್ಕೆ ಮೂರು ಇಂಚು. ಇನ್ನೊಂದು ಲೆಕ್ಕ ಕೇಳಿ: ಸಾಮಾನ್ಯವಾಗಿ ಹತ್ತು ಇಂಚು ಹಿಮ ಕರಗಿಸಿದರೆ ಒಂದು ಇಂಚು ನೀರು ಸಿಗುತ್ತೆ. ಅಂದ್ರೆ ಮಳೆಯ ಲೆಕ್ಕದಲ್ಲಿ ಐದಾರು ಮಿಲಿಮೀಟರ್ ತಪ್ಪಿದರೆ ಸಾಕು, ಹಿಮದಲ್ಲಿ ಅದು ಎರಡೂವರೆ ಇಂಚಿನ ತಪ್ಪು.

ಸೋಮವಾರ ನ್ಯಾಷನಲ್ ವೆದರ್ ಸರ್ವಿಸ್ ಅಟ್ಲಾಂಟಾದ ಎಚ್ಚರಿಕೆಯನ್ನು ಒಂದು ಮೆಟ್ಟಿಲು ಇಳಿಸಿತ್ತು, ನಿಜ. ಆದರೆ ಮಂಗಳವಾರ ಬೆಳಗಿನ ಜಾವ 3:38ಕ್ಕೆ ಮತ್ತೆ ಏರಿಸಿ ಪೂರ್ಣ ಪ್ರಮಾಣದ ವಾರ್ನಿಂಗ್ ಕೊಟ್ಟಿತು. ಒಂದರಿಂದ ಎರಡು ಇಂಚು ಅಂತ ಹೇಳಿತ್ತು. ಬಿದ್ದದ್ದು 2.6. ನನ್ನ ಕೇಳಿದ್ರೆ ಇದನ್ನು ಫೇಲ್ ಅನ್ನೋಕಾಗಲ್ಲ. ಹಿಂದಿನ ವರ್ಷ ಅಮೆರಿಕದ ಹವಾಮಾನ ತಜ್ಞರ ಸಂಘದ ಅಧ್ಯಕ್ಷರಾಗಿದ್ದ, ಜಾರ್ಜಿಯಾ ವಿಶ್ವವಿದ್ಯಾಲಯದ ಮಾರ್ಷಲ್ ಶೆಫರ್ಡ್ ಕೂಡ ಮುನ್ಸೂಚನೆ ಕೊಟ್ಟವರ ಪರ ನಿಂತರು.

ಮತ್ತೆ ಎಡವಿದ್ದು ಎಲ್ಲಿ? 3:38ಕ್ಕೆ ಊರು ಮಲಗಿತ್ತು. ಎದ್ದವರು ನೋಡಿದ್ದು “ಒಂದೆರಡು ಇಂಚು” ಅನ್ನೋ ಮಾತನ್ನು. ಅಷ್ಟೇನಾ ಅಂತ ಶಾಲೆಗಳು ತೆರೆದವು, ಆಫೀಸುಗಳೂ ತೆರೆದವು. ಮಧ್ಯಾಹ್ನದ ಹೊತ್ತಿಗೆ ಹಿಮ ಕಣ್ಣಿಗೆ ಕಂಡಿತು ನೋಡಿ, ಶಾಲೆ, ಸರ್ಕಾರಿ ಕಚೇರಿ, ಕಂಪನಿ ಎಲ್ಲವೂ ಹೆಚ್ಚುಕಮ್ಮಿ ಒಂದೇ ಗಳಿಗೆಯಲ್ಲಿ ಜನರನ್ನು ಮನೆಗೆ ಬಿಟ್ಟವು. ರಸ್ತೆಯ ಉಷ್ಣಾಂಶ ಸೊನ್ನೆಗಿಂತ ಕೆಳಗೆ. ಚಕ್ರದಡಿ ಹಿಮ ಕರಗಿತು, ಹಾಗೇ ಗಡ್ಡೆ ಕಟ್ಟಿತು. ಕಾರುಗಳು ಜಾರಿದವು, ಲಾರಿಗಳು ಅಡ್ಡ ನಿಂತವು. ಉಪ್ಪು ಹಾಕಬೇಕಾದ ಟ್ರಕ್ಕುಗಳೂ ಅದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡವು! 2,000ಕ್ಕೂ ಹೆಚ್ಚು ಮಕ್ಕಳು ಶಾಲೆಯಲ್ಲೇ ರಾತ್ರಿ ಕಳೆದರು, ಕೆಲವರು ಶಾಲಾ ಬಸ್ಸಿನಲ್ಲೇ. ಊರು ಸುತ್ತೋ ಐ-285 ಹೆದ್ದಾರಿಯಲ್ಲಿ, ಕಾರಿನಲ್ಲೇ ಒಂದು ಮಗು ಹುಟ್ಟಿತು. ಸಿಕ್ಕಿಬಿದ್ದವರನ್ನು ಕರೆತರೋಕೆ ನ್ಯಾಷನಲ್ ಗಾರ್ಡ್ ಇಳಿಯಬೇಕಾಯಿತು.

ನನಗೆ ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ? ಇದು ಮೊದಲನೇ ಸಲ ಅಲ್ಲ. 1982ರ ಜನವರಿ 12ರಂದು ಇದೇ ಅಟ್ಲಾಂಟಾದಲ್ಲಿ ಇದೇ ಆಗಿತ್ತು. ಮಧ್ಯಾಹ್ನ ಹಿಮ ಶುರುವಾಯಿತು, ಎಲ್ಲರೂ ಒಟ್ಟಿಗೆ ಹೊರಟರು, ಕಾರುಗಳನ್ನು ರಸ್ತೆಯಲ್ಲೇ ಬಿಟ್ಟು ನಡೆದು ಹೋದರು. ಅದಕ್ಕೆ “ಸ್ನೋ ಜ್ಯಾಮ್” ಅಂತ ಹೆಸರೂ ಇಟ್ಟಿದ್ದರು. ಅಲ್ಲಿನ ಹಿರಿಯರೆಲ್ಲ ಅದರ ಕಥೆ ಹೇಳ್ತಾರೆ. 32 ವರ್ಷದಲ್ಲಿ ಉಪಗ್ರಹ ಸುಧಾರಿಸಿತು, ರೇಡಾರ್ ಸುಧಾರಿಸಿತು, ಸೂಪರ್ ಕಂಪ್ಯೂಟರ್ ಸುಧಾರಿಸಿತು. ಆಫೀಸು ಬಿಡೋ ಹೊತ್ತು ಮಾತ್ರ ಬದಲಾಗಲಿಲ್ಲ.

ಕೆಲ ದಿನದಲ್ಲೇ ಗವರ್ನರ್ ಕ್ಷಮೆ ಕೇಳಿ ಹೊಣೆ ತಮ್ಮದೇ ಅಂದರು. ಮುನ್ಸೂಚಕರೂ ಪಾಠ ಕಲಿತರು. ಎಷ್ಟು ಇಂಚು ಅನ್ನೋದರ ಜೊತೆಗೆ ಅದರಿಂದ ಏನಾಗಬಹುದು ಅನ್ನೋದನ್ನೂ ಹೇಳಬೇಕು ಅನ್ನೋ ಯೋಚನೆ ಗಟ್ಟಿಯಾಯಿತು. ಈಗ ಚಳಿಗಾಲದ ಬಿರುಗಾಳಿಗೆ ಪರಿಣಾಮವನ್ನೇ ಅಳೆಯುವ ಸೂಚ್ಯಂಕ ಒಂದಿದೆ.

2017ರ ಜನವರಿ 6ರಂದು ಅಟ್ಲಾಂಟಾಗೆ ಮತ್ತೆ ಹಿಮದ ಎಚ್ಚರಿಕೆ ಬಂತು. ಈ ಸಲ ಗವರ್ನರ್ ಮೊದಲೇ ತುರ್ತು ಪರಿಸ್ಥಿತಿ ಘೋಷಿಸಿದರು. ಆಫೀಸುಗಳು ಬೇಗ ಮುಚ್ಚಿದವು, ಅಂಗಡಿಗಳಲ್ಲಿ ಬ್ರೆಡ್ಡು, ಹಾಲು ಖಾಲಿ. ನಮ್ಮ ಅಣ್ಣ ಮಧ್ಯಾಹ್ನ ಹನ್ನೆರಡಕ್ಕೇ ಮನೆ ಸೇರಿ, ಕಂಬಳಿ, ಬಿಸ್ಕೆಟ್ ಎಲ್ಲ ಜೋಡಿಸಿಕೊಂಡು ಕೂತ. ಅಂಚು ಮತ್ತೆ ಸರಿಯಿತು. ನಗರಕ್ಕೆ ಹೇಳಿದಷ್ಟು ಹಿಮ ಬೀಳಲೇ ಇಲ್ಲ. ಊರವರು ಮತ್ತೆ ಮುನ್ಸೂಚಕರನ್ನೇ ಆಡಿಕೊಂಡರು.

ಮಾರನೇ ದಿನ ಚಿಕ್ಕಮ್ಮ ಫೋನ್ ಮಾಡಿದರಂತೆ: “ಎಲ್ಲೋ ನಿನ್ನ ಸ್ನೋ?”

“ಬರಲಿಲ್ಲಮ್ಮ,” ಅಂದನಂತೆ ಅವನು. “ಹೊದ್ದು ಮಲಗಿದ್ದೆ.”